ಕಪ್ಪು ತೆರೆಯ ಹೊಣೆ ಯಾರದು?

ಲ್ಯಾಪ್‌ಟಾಪಿನ ಮುಚ್ಚಳವನ್ನು ತೆರೆದಾಗ ಒಳಗಿನ ಫ್ಯಾನು ತಿರುಗುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪ ಹತ್ತಿ ಆರುತ್ತದೆ. ತೆರೆ ಮಾತ್ರ ಕಾಡಿಗೆಯಂತೆ ಕಪ್ಪಾಗಿಯೇ ಉಳಿಯುತ್ತದೆ. ಯಂತ್ರಕ್ಕೆ ಎಚ್ಚರವಿದೆ, ಕಣ್ಣು ತೆರೆದಿಲ್ಲ. ಕೊನೆಗೆ ವಿದ್ಯುತ್ ಗುಂಡಿಯನ್ನು ಅದುಮಿ ಹಿಡಿದು ಅದನ್ನು ಕೊಲ್ಲಬೇಕಾಗುತ್ತದೆ. ಉಳಿಸಿಡದ ಬರಹ ಅದರೊಡನೆಯೇ ಹೋಗುತ್ತದೆ. ನನ್ನದೊಂದು ಲೇಖನವೂ ಹೀಗೆ ಹೋದದ್ದುಂಟು. ಉಳಿಸದೆ ಮುಚ್ಚಿದ್ದು ನಿಮ್ಮದೇ ತಪ್ಪೆಂದು ಬಲ್ಲವರು ಬುದ್ಧಿ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪೆನಿಗಳು ಕೂಡಿ ಎಸಿಪಿಐ ಎಂಬ ನಿಯಮಾವಳಿಯನ್ನು ಪ್ರಕಟಿಸಿದವು. ನಮ್ಮ ಹಿರಿಯರು ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂದು ಮೂರನ್ನೆಣಿಸಿ ನಾಲ್ಕನೆಯದನ್ನು ತುರೀಯವೆಂದರು. ಈ ನಿಯಮಾವಳಿ ಎಸ್-0 ಮೊದಲ್ಗೊಂಡು ಎಸ್-5ರವರೆಗೆ ಆರನ್ನೆಣಿಸಿತು. ಎಸ್-3 ಎಂಬುದು ಸುಷುಪ್ತಿಗೆ ಸಮೀಪವಾದುದು. ಆಗ ಮುಖ್ಯ ಮೆಮೊರಿಗೆ ತುಸು ವಿದ್ಯುತ್ತು ಹರಿಯುತ್ತಿರುತ್ತದೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಆರಿಹೋಗುತ್ತವೆ. ಕಾರ್ಡಿಗೆ ಸ್ವಂತ ಮೆಮೊರಿಯಿದ್ದರೆ ಅದರಲ್ಲಿದ್ದುದೂ ಅಳಿಯುತ್ತದೆ. ಆದುದರಿಂದ ಡ್ರೈವರ್ ಎಂಬ ತಂತ್ರಾಂಶವು ನಿದ್ದೆಗೆ ಮುನ್ನ ಅದನ್ನೆಲ್ಲ ಮುಖ್ಯ ಮೆಮೊರಿಗೆ ಸಾಗಿಸಬೇಕು. ಎದ್ದಮೇಲೆ ಕಾರ್ಡನ್ನು ಮೊದಲಿನಿಂದ ಅಣಿಗೊಳಿಸಿ, ತೆರೆಯೊಡನೆ ಸಂಪರ್ಕವನ್ನು ಹೊಸದಾಗಿ ಕುದುರಿಸಿ, ಹಿಂಬೆಳಕನ್ನು ಹೊತ್ತಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಕತ್ತಲೆ. (ಹೊಸ ಲ್ಯಾಪ್‌ಟಾಪುಗಳಲ್ಲಿ ಹಲವು ಎಸ್-3ನ್ನು ತೊರೆದು ಬರಿಯ ಕೋಳಿನಿದ್ದೆಯನ್ನು ಹಿಡಿದಿವೆ; ಅದರ ಪಾಡು ಬೇರೆ.)

ಲಿನಕ್ಸಿನಲ್ಲಿ ಬಹುಕಾಲ ಈ ಕೆಲಸ ಅನಾಥವಾಗಿತ್ತು. ತೆರೆಯನ್ನು ಹೊಂದಿಸುತ್ತಿದ್ದುದು ವ್ಯವಸ್ಥೆಯ ತಿರುಳಾದ ಕರ್ನೆಲ್ ಅಲ್ಲ, ಹೊರಗಿನ ಎಕ್ಸ್ ಸರ್ವರ್. ಕತ್ತಲಲ್ಲೆದ್ದ ಮನೆಯ ಯಜಮಾನನಿಗೆ ದೀಪವೆಲ್ಲಿದೆಯೆಂದೇ ತಿಳಿಯದು! ಯಾವ ಲ್ಯಾಪ್‌ಟಾಪಿಗೆ ಯಾವ ಉಪಾಯ ಹಿಡಿಯುವುದೆಂಬ ಪಟ್ಟಿಯೊಂದು ಕರ್ನೆಲಿನ ದಾಖಲೆಗಳಲ್ಲಿಯೇ ಇದೆ. ಓದುವಾಗ ಮನೆಮದ್ದಿನ ಹಸ್ತಪ್ರತಿಯ ನೆನಪಾಗುತ್ತದೆ. 2009ರ ಮಾರ್ಚಿನಲ್ಲಿ ಬಂದ 2.6.29ನೆಯ ಆವೃತ್ತಿಯು ಇಂಟೆಲ್ ಚಿಪ್ಪುಗಳ ಮಟ್ಟಿಗೆ ಈ ಹೊಣೆಯನ್ನು ಕರ್ನೆಲಿಗೇ ವಹಿಸಿತು.

ಇಂಟೆಲ್ಲಿನ ಚಿಪ್ಪುಗಳಿಗೆ ಮೊದಲು ಈ ಭಾಗ್ಯವೇಕೆ? ಅವುಗಳ ಡ್ರೈವರು ಯಾರು ಬೇಕಾದರೂ ಓದಿ ತಿದ್ದಬಹುದಾದ ಬರಹವಾಗಿದ್ದುದೇ ಕಾರಣವೆಂದು ನನ್ನ ಎಣಿಕೆ. ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ತೆರೆದದ್ದು 2022ರ ಮೇ ತಿಂಗಳಲ್ಲಿ, ಅದೂ ಹೊಸ ತಲೆಮಾರಿನ ಕಾರ್ಡುಗಳಿಗೆ. ಅದರ 340ನೆಯ ಸರಣಿಯ ಡ್ರೈವರಿಗೆ 2019ರ ಕೊನೆಯಲ್ಲಿಯೇ ಆಸರೆ ನಿಂತುಹೋಯಿತು. ಆ ಹಳೆಯ ಕಾರ್ಡುಗಳುಳ್ಳವರಿಗೆ ಉಳಿದ ದಾರಿ ನೂವೋ. ಕೈಪಿಡಿಯಿಲ್ಲದೆ, ಕಾರ್ಡಿನ ನಡೆಯನ್ನು ನೋಡಿ ನೋಡಿ ಸ್ವಯಂಸೇವಕರು ಬರೆದ ಡ್ರೈವರದು. ಇಂಥ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಆ ಶ್ರಮದ ಅಗತ್ಯವೇ ಏಕೆ ಬೀಳಬೇಕಿತ್ತು?

ವ್ಯಾಪಾರದ ಗುಟ್ಟೆಂದು ತಯಾರಕರು ಹೇಳುತ್ತಾರೆ. ಮಾರುತ್ತಿರುವ ಸರಕಿನ ಗುಟ್ಟನ್ನು ಅವರು ಕಾಯಲಿ, ಬೇಡವೆನ್ನುವುದಿಲ್ಲ. ತಾವೇ ಕೈಬಿಟ್ಟ ಸರಕಿನದನ್ನು ಕಾಯುವುದೇತಕ್ಕೆ? ಆಸರೆ ನಿಲ್ಲಿಸಿದ ದಿನವೇ ಅದರ ಕೈಪಿಡಿಯನ್ನು ಪ್ರಕಟಿಸತಕ್ಕದ್ದೆಂಬ ಷರತ್ತು ಮಾರಾಟದ ಪತ್ರದಲ್ಲಿಯೇ ಇರಬೇಕು. ಒಬ್ಬೊಬ್ಬರಾಗಿ ಕೊಳ್ಳುವ ನಮ್ಮ ಮಾತು ನಡೆಯಲಿಕ್ಕಿಲ್ಲ. ಕಾಲೇಜುಗಳಿಗೆಂದು ನೂರಾರು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವವರು ತಮ್ಮ ಟೆಂಡರಿನಲ್ಲಿ ಈ ಒಂದು ಸಾಲನ್ನು ಸೇರಿಸಬಹುದು.