ಹಳೆ ಕಂಪ್ಯೂಟರ್ ಗುಜರಿಗೆ ಬೇಡ, ಎರಡು ವ್ಯವಸ್ಥೆ ಹಾಕಿಕೊಳ್ಳಿ



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ನಮ್ಮ ಗಡಿ ಊರುಗಳ ವಾಚನಾಲಯ, ಸಂಘದ ಕೋಣೆ, ಡಿಟಿಪಿ ಅಂಗಡಿಗಳ ಎಷ್ಟೋ ಹಳೆ ಯಂತ್ರಗಳಿಗೆ ಅದು ಆಗೋ ಮಾತಲ್ಲ. ಹಾಗಂತ ಗುಜರಿಗೆ ಹಾಕಬೇಕಾ? ಬೇಡ. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಕೂರಿಸಿ ಅನ್ನೋದು ನಮ್ಮ ಮಾತು.

ವಿಂಡೋಸನ್ನು ಪೂರ್ತಿ ತೆಗೆದುಬಿಟ್ರೆ ಆಗಲ್ವಾ? ಈಗಲೇ ಬೇಡ. ನಮ್ಮ ಸಂಘಗಳ ಸ್ಮರಣ ಸಂಚಿಕೆ, ಮನವಿಪತ್ರ, ಶಾಲಾ ವರದಿಗಳಲ್ಲಿ ಬಹಳಷ್ಟು ನುಡಿ, ಬರಹದ ಹಳೆ ಫಾಂಟುಗಳಲ್ಲಿ ಕೂತಿವೆ. ಅವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಅವನ್ನೆಲ್ಲ ಯೂನಿಕೋಡಿಗೆ ತರೋವರೆಗೆ ವಿಂಡೋಸ್ ಇರಲಿ, ಇಂಟರ್ನೆಟ್ ಇಲ್ಲದೆ. ಇಂಟರ್ನೆಟ್ ಕೆಲಸವೆಲ್ಲ ಲಿನಕ್ಸಿನಲ್ಲಿ ನಡೆಯಲಿ.

ಕಾಸರಗೋಡಿನ ಹುಡುಗ ಹುಡುಗಿಯರಿಗೆ ಇದು ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಇದೆ. ಕನ್ನಡ ಮಾಧ್ಯಮದವರೂ ಅದರಲ್ಲೇ ಐಟಿ ಪಾಠ ಕಲೀತಾರೆ. ತಾಳವಾಡಿ, ಜತ್ತ, ಮಡಕಶಿರಾದ ಗೆಳೆಯರಿಗೆ ಹೇಳಿಕೊಡೋಕೆ ಅವರೇ ಮುಂದೆ ಬರಲಿ.

ಕೆಲಸದ ಕ್ರಮ ಹೀಗಿದೆ:

1. ಮೊದಲು ಎಲ್ಲ ಕಡತಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಇದಾಗದೆ ಮುಂದಿನ ಹೆಜ್ಜೆ ಬೇಡ.

2. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರೋದಿಲ್ಲ. ಲಿನಕ್ಸಿನಿಂದ ಆ ಡ್ರೈವಿಗೆ ಬರೆದರೆ ಕಡತ ಕೆಡಬಹುದು.

3. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಡ್ರೈವ್ ಕುಗ್ಗಿಸಿ, 50 ಜಿಬಿಯಷ್ಟು ಜಾಗ ಖಾಲಿ ಬಿಡಿ.

4. ಉಬುಂಟು ಅಥವಾ ಮಿಂಟ್ ಅನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಓಡಿಸಿ ನೋಡಿ. ವೈಫೈ, ಸದ್ದು, ಪ್ರಿಂಟರ್ ಸರಿಯಿದ್ದರೆ ಮುಂದುವರಿಯಿರಿ.

5. ಇನ್‌ಸ್ಟಾಲ್ ಮಾಡುವಾಗ 'ವಿಂಡೋಸ್ ಜೊತೆಗೆ' ಅನ್ನೋದನ್ನೇ ಆರಿಸಿ. 'ಡಿಸ್ಕ್ ಅಳಿಸು' ಒತ್ತಿದರೆ ಎಲ್ಲವೂ ಹೋಯ್ತು.

ಮುಂದೆ ಯಂತ್ರ ಆನ್ ಮಾಡಿದಾಗ ಗ್ರಬ್ ಪಟ್ಟಿ ಬಂದು, ಯಾವುದು ಬೇಕು ಅಂತ ಕೇಳುತ್ತೆ. ಗಡಿಯಾರ ಐದೂವರೆ ಗಂಟೆ ಆಚೀಚೆ ಆದ್ರೆ ಗಾಬರಿ ಬೇಡ. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯ ಅಂತ ಓದುತ್ತೆ, ಲಿನಕ್ಸ್ ಯುಟಿಸಿ ಅಂತ ಓದುತ್ತೆ. ಲಿನಕ್ಸಿಗೂ ಸ್ಥಳೀಯ ಸಮಯ ಬಳಸೋಕೆ ಹೇಳಿದರೆ ಸರಿಹೋಗುತ್ತೆ. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಸೇರಿಸಿಕೊಳ್ಳಿ. ನುಡಿಯಲ್ಲಿ ಪಳಗಿದ ಬೆರಳಿಗೆ ಅದು ಹೊಸತು ಅನ್ನಿಸೋದಿಲ್ಲ.

ಗಡಿನಾಡಿನಲ್ಲಿ ಕನ್ನಡ ಇತ್ತು, ಇದೆ ಅನ್ನೋಕೆ ನಮ್ಮ ಹಿರಿಯರು ಟೈಪ್ ಮಾಡಿಟ್ಟ ಈ ಕಡತಗಳೂ ಸಾಕ್ಷಿ. ಒಂದು ಹಾರ್ಡ್‌ಡಿಸ್ಕ್ ಕೆಟ್ಟಿತು ಅಂತ ಅವು ಕಳೆದುಹೋಗಬಾರದು. ಈ ಭಾನುವಾರ ನಿಮ್ಮ ಊರಿನ ಸಂಘದ ಕೋಣೆಗೆ ಹೋಗಿ, ಮೊದಲ ಹೆಜ್ಜೆಯಾದ ನಕಲು ಕೆಲಸವನ್ನಾದರೂ ಮುಗಿಸಿ ಬನ್ನಿ.