ಮಿಡಿ ಯಾವತ್ತು ಕಾಯಿಯಾಯಿತು?

ಆಫ್ರಿಕಾದಲ್ಲಿ ಹಳೇ ತಲೆಬುರುಡೆಯೊಂದು ಸಿಕ್ಕರೆ ಸಾಕು, ನಮ್ಮ ಪತ್ರಿಕೆಗಳಲ್ಲಿ ತಲೆಬರಹ ಸಿದ್ಧ: ‘ಕಳಚಿದ ಕೊಂಡಿ ಪತ್ತೆ’. ಬರೆಯುವವರು ನಾವೇ, ತಪ್ಪೂ ನಮ್ಮದೇ.

ಕೀನ್ಯಾದ ಕನಪೊಯಿ ಮತ್ತು ಆಲಿಯಾ ಬೇಯಲ್ಲಿ ಸಿಕ್ಕ ಸುಮಾರು 40 ಲಕ್ಷ ವರ್ಷ ಹಳೆಯ ದವಡೆ, ಹಲ್ಲುಗಳಿಗೆ 1995ರಲ್ಲಿ ಮೀವ್ ಲೀಕಿ ತಂಡ ಆಸ್ಟ್ರಲೋಪಿಥೆಕಸ್ ಅನಾಮೆನ್ಸಿಸ್ ಎಂದು ಹೆಸರಿಟ್ಟಿತು. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕಿದ್ದ ‘ಲೂಸಿ’ 32 ಲಕ್ಷ ವರ್ಷ ಹಿಂದಿನವಳು. ಅವಳ ಪ್ರಭೇದ ಅಫರೆನ್ಸಿಸ್. ತಾಂಜಾನಿಯಾದ ಲೇಟೋಲಿಯ ಪಳೆಯುಳಿಕೆಗಳು ಕಾಲದಲ್ಲಿ ಇವೆರಡರ ನಡುವೆ ಬರುತ್ತವೆ. 2006ರಲ್ಲಿ ವಿಲಿಯಂ ಕಿಂಬೆಲ್ ಮತ್ತು ಸಂಗಡಿಗರು ಈ ನಾಲ್ಕೂ ಜಾಗದವನ್ನು ಕಾಲದ ಕ್ರಮದಲ್ಲಿಟ್ಟು ನೋಡಿದರು. ಒಂದೇ ವಂಶ ಮೆಲ್ಲಗೆ ಬದಲಾದಂತೆ ಕಂಡಿತು.

ಹಾಗಿದ್ದರೆ ಎರಡು ಹೆಸರೇಕೆ?

ಮಾವಿನ ಮಿಡಿ ಕಾಯಿಯಾಗುತ್ತದೆ, ದೋರೆಯಾಗುತ್ತದೆ, ಹಣ್ಣಾಗುತ್ತದೆ. ಯಾವ ದಿನ ಎಂದು ಕೇಳಿದರೆ ತೋಟದವರು ನಕ್ಕಾರು. ಆದರೆ ಹಣ್ಣು ತಂದು ಮಿಡಿ ಉಪ್ಪಿನಕಾಯಿ ಹಾಕುವವರಿಲ್ಲ. ಹೆಸರು ಬೇಕು, ಗೆರೆ ಮಾತ್ರ ನಾವು ಎಳೆದದ್ದು. (ಹೋಲಿಕೆ ಇಲ್ಲಿಗೇ ಸಾಕು. ಮಾವಿನ ಮಿಡಿ ಹಣ್ಣಾಗಲೆಂದೇ ಬೆಳೆಯುತ್ತದೆ, ವಿಕಾಸಕ್ಕೆ ಅಂಥ ಗುರಿಯಿಲ್ಲ.) ಮೆಲ್ಲಗೆ ಬದಲಾಗುವ ವಂಶದಲ್ಲಿ ಯಾವ ತಾಯಿಯೂ ಬೇರೆ ಪ್ರಭೇದದ ಮಗುವನ್ನು ಹೆತ್ತಿಲ್ಲ. ಬದುಕಿರುವ ಪ್ರಾಣಿಗಳಾದರೆ ಕೂಡಿ ಮರಿ ಹಾಕುತ್ತವೆಯೇ ಎಂದು ನೋಡಬಹುದು, ಮೂಳೆಗಳಲ್ಲಿ ಅದಾಗದು. ಹಾಗಾಗಿ ಪಳೆಯುಳಿಕೆ ಸಿಗದ ಖಾಲಿ ಜಾಗದಲ್ಲೇ ಗೆರೆ ಎಳೆಯುವುದು ಸುಲಭ. ಕೊಂಡಿಗಳು ಸಿಕ್ಕಷ್ಟೂ ಹೆಸರಿಡುವುದು ಕಷ್ಟ!

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಇಥಿಯೋಪಿಯಾದ ವೊರಾನ್ಸೊ ಮಿಲ್ಲೆಯಲ್ಲಿ 2016ರಲ್ಲಿ ಸಿಕ್ಕ ತಲೆಬುರುಡೆಯ ವಿವರವನ್ನು ಯೋಹಾನ್ನೆಸ್ ಹೈಲೆ ಸೆಲಾಸಿ ತಂಡ 2019ರಲ್ಲಿ ಪ್ರಕಟಿಸಿತು. ಅದು 38 ಲಕ್ಷ ವರ್ಷ ಹಳೆಯದು, ಅನಾಮೆನ್ಸಿಸ್‌ನದು ಎಂದರು. ಆದರೆ ಇಥಿಯೋಪಿಯಾದಲ್ಲೇ ಮೊದಲು ಸಿಕ್ಕಿದ್ದ 39 ಲಕ್ಷ ವರ್ಷ ಹಳೆಯ ಹಣೆಯ ಮೂಳೆ ಅಫರೆನ್ಸಿಸ್‌ನದಂತೆ. ಅಂದರೆ ಕನಿಷ್ಠ ಒಂದು ಲಕ್ಷ ವರ್ಷ ಇಬ್ಬರೂ ಒಟ್ಟಿಗಿದ್ದರು, ಇಡೀ ಅನಾಮೆನ್ಸಿಸ್ ಕುಲವೇ ಅಫರೆನ್ಸಿಸ್ ಆಗಿ ಮಾರ್ಪಡಲಿಲ್ಲ ಎಂಬುದು ಅವರ ವಾದ. ಒಂದು ಹಣೆಯ ಮೂಳೆಯ ಮೇಲೆ ಇಷ್ಟು ಭಾರ ಹೊರಿಸಬಹುದೇ ಎಂಬ ಅನುಮಾನ ನಮಗಂತೂ ಇದೆ.

‘ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ವಿಕಾಸವಾದವೇ ಸುಳ್ಳು’ ಎನ್ನುವವರಿಗೆ ಇಂಥ ಜಗಳ ಹಬ್ಬ. ಜಗಳ ಇರುವುದು ಗೆರೆ ಎಲ್ಲಿ, ವಂಶ ಕವಲೊಡೆದದ್ದು ಯಾವಾಗ ಎಂಬುದರ ಬಗ್ಗೆ. ಬದಲಾವಣೆ ಆಯಿತೇ ಎಂಬುದರ ಬಗ್ಗೆ ಅಲ್ಲ. ಇದನ್ನು ಬಿಡಿಸಿ ಬರೆಯದೆ ‘ಕೊಂಡಿ ಪತ್ತೆ’ ಎಂದು ಮುಗಿಸಿದರೆ ಅವರ ಕೈಗೆ ಕೋಲು ಕೊಟ್ಟವರು ನಾವೇ.

ಮುಂದಿನ ಸಲ ‘38 ಲಕ್ಷ ವರ್ಷ ಹಳೆಯ ತಲೆಬುರುಡೆ: ಹೆಸರಿನ ಗೆರೆ ಎಲ್ಲಿ ಎಂಬ ಚರ್ಚೆ’ ಎಂದು ಕೊಟ್ಟು ನೋಡೋಣ. ಉದ್ದವಾಯಿತೆಂದು ಡೆಸ್ಕಿನವರು ಬೈಯುತ್ತಾರೆ, ಬೈಯಲಿ.