ಅಟ್ಟವೇರಿದ ಮೋಡೆಮ್

ನಮ್ಮ ಮನೆಯ ಅಟ್ಟದ ಮೇಲೆ, ತಳ ತೂತಾದ ತಾಮ್ರದ ಹಂಡೆಯ ಪಕ್ಕದಲ್ಲಿ, ಮೂರು ಮೋಡೆಮ್‌ಗಳು ಕುಳಿತಿದ್ದುವು. ಹಂಡೆಯು ಮೂರು ತಲೆಮಾರಿಗೆ ನೀರು ಕಾಯಿಸಿ, ತನ್ನ ಆಯುಷ್ಯವನ್ನು ಪೂರೈಸಿಯೇ ಅಟ್ಟವನ್ನೇರಿತು. ಮೋಡೆಮ್‌ಗಳಲ್ಲಿ ಹಳೆಯದೂ, ದೂರವಾಣಿಯ ತಂತಿಯನ್ನಲ್ಲದೆ ಬೇರೇನನ್ನೂ ಅರಿಯದುದರಿಂದ, ಬೀದಿಗೆ ಫೈಬರ್ ಬಂದಾಗ ನಿವೃತ್ತವಾದುದು ನ್ಯಾಯವೇ ಸರಿ. ಮಿಕ್ಕೆರಡಾದರೋ, ಒಂದು ಕಂಪನಿಗೆ ಹಣ ತೆತ್ತು ಕೊಂಡದ್ದು, ಇನ್ನೊಂದು ಠೇವಣಿಯ ಮೇಲೆ ತಂದದ್ದು, ಸುಸ್ಥಿತಿಯಲ್ಲಿರುವಾಗಲೇ, ನಾನು ಕಂಪನಿಯನ್ನು ಬದಲಾಯಿಸಿದೆನೆಂಬ ಏಕಮಾತ್ರ ಕಾರಣದಿಂದ ನಿರುಪಯುಕ್ತವಾದುವು. “ಇದು ಲಾಕ್ ಆಗಿದೆ ಸಾರ್, ನಮ್ಮ ಲೈನಿಗೆ ಬರೋದಿಲ್ಲ” ಎಂದು ಹೊಸ ಕನೆಕ್ಷನ್ ಕೊಡಲು ಬಂದ ಹುಡುಗನು ಹೇಳಿದಾಗ, ವಸ್ತುವೊಂದರ ಆಯುಷ್ಯವನ್ನು ನಿರ್ಣಯಿಸತಕ್ಕದ್ದು ಅದರ ಸವೆತವೋ ಅಥವಾ ಅನ್ಯರ ವ್ಯಾಪಾರಸಂಬಂಧವೋ ಎಂಬ ಪ್ರಶ್ನೆಯು ನನ್ನನ್ನು ಬಾಧಿಸಿತು.

ಕಂಪನಿಗಳ ಪಕ್ಷದಲ್ಲಿ ನ್ಯಾಯವೇ ಇಲ್ಲವೆನ್ನಲಾಗದು. ಕೇಂದ್ರದಿಂದ ಹೊರಟ ಒಂದೇ ಗಾಜಿನ ಎಳೆಯು ದಾರಿಯಲ್ಲಿ ಕವಲೊಡೆದು 32 ಅಥವಾ 64 ಮನೆಗಳನ್ನು ಮುಟ್ಟುವುದುಂಟು. ಅಷ್ಟೂ ಮನೆಗಳ ಪೆಟ್ಟಿಗೆಗಳು ಕೇಂದ್ರದೊಡನೆ ಮಾತನಾಡಬೇಕಾದುದು ಕ್ಷಣದ ಅತ್ಯಲ್ಪಭಾಗವಾದ ತಂತಮ್ಮ ಸರದಿಯಲ್ಲಿ ಮಾತ್ರ. ಕೆಟ್ಟ ಪೆಟ್ಟಿಗೆಯೊಂದು ಸರದಿಯನ್ನುಲ್ಲಂಘಿಸಿ ಬೆಳಗತೊಡಗಿತೆಂದರೆ ನೆರೆಹೊರೆಯವರೆಲ್ಲರ ಮಾತೂ ಅಡಗುವುದು. ಆದುದರಿಂದ ಪ್ರತಿಯೊಂದು ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಕೇಂದ್ರದಲ್ಲಿ ನೋಂದಾಯಿಸಿಕೊಂಡೇ ಒಳಬಿಡುವ ಪದ್ಧತಿಯನ್ನು ನಾನು ಆಕ್ಷೇಪಿಸಲಾರೆ.

ಆದರೆ ನೋಂದಣಿಯು ಬೇರೆ, ಬೀಗವು ಬೇರೆ. ಜಿಪಾನ್ ಎಂಬುದು ಇಂಥ ಕವಲೊಡೆಯುವ ಫೈಬರ್ ಜಾಲಗಳಿಗಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ರೂಪಿಸಿದ ಸಾರ್ವತ್ರಿಕ ಮಾನಕ. ತಯಾರಕರು ತಂತಮ್ಮ ಉಪಭಾಷೆಗಳನ್ನು ಬೆರೆಸಿ ಅದನ್ನು ತುಸು ಕಲುಷಿತಗೊಳಿಸಿರುವರೆಂಬುದು ನಿಜವಾದರೂ, ಬಿಎಸ್‌ಎನ್‌ಎಲ್ ಫೈಬರಿಗೆ ಚಂದಾದಾರನು ಪೇಟೆಯಲ್ಲಿ ತಾನೇ ಕೊಂಡ ಪೆಟ್ಟಿಗೆಯನ್ನು ಜೋಡಿಸಿಕೊಳ್ಳುವ ವಾಡಿಕೆಯುಂಟು. ಜರ್ಮನಿಯಲ್ಲಂತೂ ಯಾವ ರೌಟರನ್ನು ಬಳಸಬೇಕೆಂಬ ಆಯ್ಕೆಯು ಗ್ರಾಹಕನದೆಂದು 2016ರ ಆಗಸ್ಟ್ 1ರಿಂದ ಶಾಸನವೇ ಜಾರಿಯಲ್ಲಿದೆ. ಬೆಳಕಿನ ಸ್ವಭಾವವು ಎಲ್ಲೆಡೆಯೂ ಒಂದೇ ಆಗಿರುವಾಗ, ಮಾರಿದ ವಸ್ತುವಿನೊಳಗೆ ಫೈಬರಿನ ಬಾಗಿಲಿಗೆ ಗುಪ್ತಪದವನ್ನಿಟ್ಟು ಕೊಂಡವನಿಂದಲೇ ಮರೆಮಾಡುವುದಕ್ಕೆ ತಾಂತ್ರಿಕ ಅನಿವಾರ್ಯತೆಯೆಂಬ ಹೆಸರು ಒಪ್ಪದು. ಮೊಬೈಲ್ ಸಂಖ್ಯೆಯೂ ಹಿಂದೆ ಕಂಪನಿಯ ಸೊತ್ತಿನಂತೆಯೇ ಇದ್ದಿತು. 2011ರ ಜನವರಿಯಲ್ಲಿ ಅದನ್ನು ಜೊತೆಗೊಯ್ಯುವ ಸ್ವಾತಂತ್ರ್ಯವು ದೇಶಾದ್ಯಂತ ದೊರೆತಾಗ ಯಾವ ಜಾಲವೂ ಕುಸಿಯಲಿಲ್ಲ.

ಠೇವಣಿಯ ಪೆಟ್ಟಿಗೆಯ ವಿಷಯ ಬೇರೆ. ಕಂಪನಿಯು ಅದನ್ನು ಹಿಂಪಡೆದು, ಶುಚಿಮಾಡಿ, ಇನ್ನೊಂದು ಮನೆಗೆ ಕೊಡುವುದಾದರೆ ಪುನರ್ಬಳಕೆಗೆ ಅದಕ್ಕಿಂತ ಉತ್ತಮವಾದ ಮಾರ್ಗವೇ ಇಲ್ಲ. ನಾನೋ, ಹಣ ಮರಳೀತೆಂಬ ಆಸೆಯಿಂದ ಎಷ್ಟು ಬಾರಿ ಫೋನು ಮಾಡಿದರೂ ಒಯ್ಯಲು ಯಾರೂ ಬರಲಿಲ್ಲ. ಅದು ಇಂದಿಗೂ ಹಂಡೆಗೆ ಜೊತೆಯಾಗಿದೆ.

ಕೊಂಡದ್ದನ್ನು ಮಾತ್ರ ಮೊನ್ನೆ ಕೆಳಗಿಳಿಸಿದೆವು. ಫೈಬರಿನ ಬಾಗಿಲು ಮುಚ್ಚಿದ್ದರೂ ಅದರ ವೈಫೈ ಜೀವಂತವಾಗಿದ್ದಿತು. ಪಕ್ಕದ ಮನೆಯ ವಿದ್ಯಾರ್ಥಿಯು, ಪೆಟ್ಟಿಗೆಯಡಿ ಅಂಟಿಸಿದ್ದ ಚೀಟಿಯ ಪಾಸ್‌ವರ್ಡಿನಿಂದ ಒಳಹೊಕ್ಕು, ವಿಳಾಸ ಹಂಚುವ ಅದರ ಅಧಿಕಾರವನ್ನು ಕಿತ್ತುಕೊಂಡು, ಹೊಸ ಮೋಡೆಮ್‌ನಿಂದ ಲ್ಯಾನ್ ಕೇಬಲ್ ಎಳೆದು ಜೋಡಿಸಿದನು. ಈಗ ಮಹಡಿಯ ಮೂಲೆಯ ಕೋಣೆಗೂ ವೈಫೈ ಸಿಗುತ್ತದೆ.